ರಕ್ಷಕ ಕಣಗಳ ಅಂಕುಶ

ಮನೆಗೆ ಕಾವಲುಗಾರನನ್ನಿಟ್ಟುಕೊಳ್ಳುವವರು ಎರಡು ಸಂಗತಿಗಳನ್ನು ವಿಚಾರಿಸಬೇಕು. ಕಳ್ಳನು ಬಂದಾಗ ಅವನು ಏಳುವನೇ ಎಂಬುದೊಂದು. ಎದ್ದವನು ಮನೆಯವರ ಮೇಲೆಯೇ ದೊಣ್ಣೆಯೆತ್ತದಿರುವನೇ ಎಂಬುದಿನ್ನೊಂದು. ನಮ್ಮ ಶರೀರದ ಕಾವಲಿನಲ್ಲಿಯೂ ಈ ಎರಡು ಚಿಂತೆಗಳುಂಟು. ರಕ್ತದ ಬಿಳಿಯ ಕಣಗಳಲ್ಲಿ ಟಿ-ಕಣಗಳೆಂಬ ಪಂಗಡವೊಂದಿದೆ. ಇವು ವೈರಿಯನ್ನು ಗುರುತಿಸಿ ಎಚ್ಚೆತ್ತ ಬಳಿಕ ತಮ್ಮ ಮೈಮೇಲೆ ಕೆಲವು ಪ್ರೋಟೀನುಗಳನ್ನು ಹೊಸದಾಗಿ ತಳೆಯುತ್ತವೆ. ಈ ಲಕ್ಷಣಗಳನ್ನು ನೋಡಿಯೇ ಯಾವ ಕಣವು ಎಚ್ಚೆತ್ತಿದೆಯೆಂದು ವಿಜ್ಞಾನಿಗಳು ಅರಿಯುವರು.

ಅವುಗಳಲ್ಲಿ ಪಿಡಿ-೧ ಎಂಬುದು ವಿಚಿತ್ರವಾದುದು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ತಸುಕು ಹೋಂಜೋ ಅವರೂ ಅವರ ಸಹೋದ್ಯೋಗಿಗಳೂ ಜೀವಕಣಗಳ ಮರಣಕ್ಕೆ ಕಾರಣವಾದ ಜೀನನ್ನು ಅರಸುತ್ತಿದ್ದು, ೧೯೯೨ರಲ್ಲಿ ಇದನ್ನು ಪ್ರಕಟಪಡಿಸಿದರು. ೧೯೯೯ರಲ್ಲಿ ಈ ಜೀನಿಲ್ಲದ ಇಲಿಗಳನ್ನು ಪರೀಕ್ಷಿಸಲಾಗಿ, ಅವುಗಳ ರಕ್ಷಣಾವ್ಯವಸ್ಥೆಯು ಸ್ವಶರೀರವನ್ನೇ ಪೀಡಿಸುತ್ತಿದ್ದುದು ಕಂಡುಬಂದಿತು. ಎಚ್ಚರದ ಚಿಹ್ನೆಯೇ ಅಂಕುಶವೂ ಆಗಿದೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಕೆಲವು ಅರ್ಬುದಗಳು ಈ ಅಂಕುಶವನ್ನು ಒತ್ತಿ ಕಾವಲುಗಾರನನ್ನು ಸುಮ್ಮನಿರಿಸುತ್ತವೆ. ಅದನ್ನು ತಡೆಯುವ ಔಷಧಕ್ಕೆ ೨೦೧೪ರಲ್ಲಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಇಂತಹುದೇ ಮತ್ತೊಂದು ಅಂಕುಶವನ್ನು ಕುರಿತು ಸಂಶೋಧನೆ ನಡೆಸಿದ ಜೇಮ್ಸ್ ಆಲಿಸನ್ನರೊಡನೆ ಹೋಂಜೋ ಅವರು ೨೦೧೮ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇಂತಹ ಔಷಧವನ್ನು ಪರೀಕ್ಷಿಸಲು ಶುದ್ಧವಾದ ಪಿಡಿ-೧ ಬೇಕು. ಮನುಷ್ಯರ ರಕ್ತದಿಂದ ಅದನ್ನು ಸಾಕಷ್ಟು ಸಂಗ್ರಹಿಸುವುದು ಸುಲಭವಲ್ಲ. ಆದಕಾರಣ, ಕಣದ ಹೊರಗೆ ಚಾಚಿರುವ ಭಾಗಕ್ಕೆ ಸಂಬಂಧಿಸಿದ ಜೀನಿನ ತುಂಡನ್ನು ಪ್ರಯೋಗಶಾಲೆಯಲ್ಲಿ ಸಾಕಿದ ಸಸ್ತನಿಗಳ ಜೀವಕಣಗಳೊಳಗೆ ಸೇರಿಸುವರು. ಅವು ಪ್ರೋಟೀನನ್ನು ತಯಾರಿಸಿ ಸುತ್ತಲಿನ ದ್ರವಕ್ಕೆ ಬಿಡುತ್ತವೆ. ಪ್ರೋಟೀನಿನ ತುದಿಗೆ ಹಿಸ್ಟಿಡೀನ್ ಎಂಬ ಆರು ಮಣಿಗಳ ಬಾಲವನ್ನು ಮೊದಲೇ ಪೋಣಿಸಿರುವುದುಂಟು. ದ್ರವವನ್ನು ನಿಕ್ಕಲ್ ಇರುವ ನಳಿಕೆಯಲ್ಲಿ ಹರಿಯಿಸಿದರೆ ಆ ಬಾಲವು ಅಲ್ಲಿ ಅಂಟಿಕೊಳ್ಳುತ್ತದೆ. ಉಳಿದುದನ್ನು ತೊಳೆದು ಬೇಕಾದುದನ್ನು ಬಿಡಿಸಿಕೊಳ್ಳುವರು. ಇದೇ ಪುನಃಸಂಯೋಜಿತ ಪ್ರೋಟೀನು. ಯಾವ ಔಷಧವು ಇದಕ್ಕೆ ಎಷ್ಟು ದೃಢವಾಗಿ ಅಂಟುವುದೆಂದು ಇದರಿಂದ ಅಳೆಯಬಹುದು. ಇದು ಪರೀಕ್ಷೆಯ ಸಾಧನವೇ ಹೊರತು ರೋಗಿಗೆ ಕೊಡತಕ್ಕ ಮದ್ದಲ್ಲ.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವೆವೆಂಬ ಜಾಹೀರಾತುಗಳನ್ನು ವಾಚಕರು ನೋಡಿರಬಹುದು. ಶಕ್ತಿಯೊಂದೇ ಆರೋಗ್ಯವಲ್ಲ, ಸಂಯಮವೂ ಬೇಕೆಂಬುದನ್ನು ಪಿಡಿ-೧ ತೋರಿಸುತ್ತದೆ. ಅಂಕುಶವನ್ನು ಸಡಿಲಿಸುವ ಔಷಧವು ಎಲ್ಲ ರೋಗಿಗಳಿಗೂ ಫಲಿಸುವುದಿಲ್ಲ. ಕೆಲವರಲ್ಲಿ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳಿಗೆ ಬಾಧೆಯುಂಟಾಗುವುದು. ಆದ್ದರಿಂದ ಈ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೆ, ಭೇದಿ, ಉಬ್ಬಸ, ಅತಿಯಾದ ಆಯಾಸಗಳನ್ನು ಅಲಕ್ಷ್ಯಮಾಡದೆ, ಮನೆಮದ್ದಿನಲ್ಲಿ ಕಾಲಹರಣಮಾಡದೆ, ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.