ನಿಮಗಿದು ಗೊತ್ತೆ? ರಣಹದ್ದು ಮೂಸುವುದಿಲ್ಲ, ನೋಡುತ್ತದೆ

ನಮ್ಮ ದೇಶದ ರಣಹದ್ದುಗಳು ಸತ್ತ ದನವನ್ನು ವಾಸನೆ ಹಿಡಿದು ಹುಡುಕುವುದಿಲ್ಲ. ಕಣ್ಣಿನಿಂದಲೇ ಪತ್ತೆ ಹಚ್ಚುತ್ತವೆ. ಬಿಸಿಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುವ ಒಂದು ಹಕ್ಕಿ ಕೆಳಗಿಳಿದರೆ ಸಾಕು, ದೂರದಲ್ಲಿರುವ ಉಳಿದವೂ ಅದನ್ನು ಕಂಡು ಬಂದಿಳಿಯುತ್ತವೆ. ತಲೆ, ಕತ್ತಿನ ಮೇಲೆ ದಟ್ಟ ಗರಿಗಳಿಲ್ಲದ ಕಾರಣ ಕಳೇಬರದೊಳಗೆ ಕತ್ತು ತೂರಿಸಿದರೂ ರಕ್ತ ಮೆತ್ತಿಕೊಳ್ಳುವುದು ಕಡಿಮೆ. ಜಠರದ ಆಮ್ಲವಂತೂ ಕೊಳೆತ ಮಾಂಸದ ರೋಗಾಣುಗಳನ್ನೂ ಕೊಲ್ಲುವಷ್ಟು ಪ್ರಬಲ.

ರಾಮನಗರದ ರಾಮದೇವರ ಬೆಟ್ಟ ಉದ್ದ ಕೊಕ್ಕಿನ ರಣಹದ್ದುಗಳ ನೆಲೆ. ಕಡಿದಾದ ಬಂಡೆಯ ಮೇಲೆ ಇಳಿದಿರುವ ಬಿಳಿ ಹಿಕ್ಕೆಯ ಗೆರೆಗಳೇ ಗೂಡಿನ ಗುರುತು. 2012ರಲ್ಲಿ ಇದನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಈ ಹಕ್ಕಿ ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ! ಗಂಡು, ಹೆಣ್ಣು ಸರದಿಯಂತೆ ಕಾವು ಕೊಡುತ್ತವೆ. ಹಾಗಾಗಿ ಸಂತತಿ ಒಮ್ಮೆ ಕುಸಿದರೆ ಚೇತರಿಕೆ ಬಲು ನಿಧಾನ.

ಕುಸಿದದ್ದೂ ನಮ್ಮಿಂದಲೇ. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೊಫೆನಾಕ್ ಕಳೇಬರದ ಮೂಲಕ ಒಳಸೇರಿ, ಮೂತ್ರಪಿಂಡ ಕೆಟ್ಟು ಹಕ್ಕಿಗಳು ಸಾಲುಸಾಲಾಗಿ ಸತ್ತವು. ಪಶುಚಿಕಿತ್ಸೆಯಲ್ಲಿ ಇದರ ಬಳಕೆಯನ್ನು 2006ರಲ್ಲಿ ಭಾರತ ನಿಷೇಧಿಸಿತು. ದನ ಸಾಕುವವರು ಇದರ ಬದಲು ಮೆಲಾಕ್ಸಿಕಾಂ ಎಂಬ ನೋವುನಿವಾರಕವನ್ನು ಪಶುವೈದ್ಯರ ಬಳಿ ಕೇಳಬಹುದು. ರಣಹದ್ದಿಗೆ ಅದರಿಂದ ಅಪಾಯವಿಲ್ಲ.