ಮರ ಸುಮ್ಮನಿರಬೇಕು, ಗಾಳಿ ಹಾಡಬೇಕು

ಬೀದಿ ನಲ್ಲಿಗೆ ಕೊಡ ಒಡ್ಡಿದವರಿಗೆ ಗೊತ್ತು: ಇಣುಕಿ ನೋಡಬೇಕಿಲ್ಲ, ಸದ್ದು ಕೇಳಿಯೇ ನೀರು ಎಲ್ಲಿಗೆ ಬಂತೆಂದು ಹೇಳಬಹುದು. ಮೊದಲು ಗುಡುಗುಡು ಎನ್ನುವ ದನಿ ಕಂಠದ ಹತ್ತಿರ ಬರುತ್ತಾ ಕೀರಲಾಗುತ್ತದೆ. ಕೊಡ ಅದೇ, ಒಳಗಿನ ಗಾಳಿಯ ಜಾಗ ಕಿರಿದಾದಂತೆ ಸ್ವರ ಏರುತ್ತದೆ. ಬೇಸ್ ಗಿಟಾರಿಗೆ ಮನೆಯಲ್ಲೇ ಸ್ಪೀಕರ್ ಬಾಕ್ಸ್ ಕಟ್ಟಲು ಹೊರಟವರ ಲೆಕ್ಕವೂ ಇದೇ. ಅವರದು ಮೂಲೆಗಳಿರುವ ಕೊಡ, ಅಷ್ಟೇ.

ಅಷ್ಟಕ್ಕೂ ಬಾಕ್ಸ್ ಯಾಕೆ ಬೇಕು? 15 ಇಂಚಿನ ಸ್ಪೀಕರನ್ನು ಬರಿ ಮೇಜಿನ ಮೇಲಿಟ್ಟು ಬೇಸ್ ನುಡಿಸಿ ನೋಡಿ. ಅದರ ಮುಖದ ಶಂಕು, ಅಂದರೆ ಕೋನ್, ಕಣ್ಣಿಗೆ ಕಾಣುವಷ್ಟು ಕುಣಿಯುತ್ತದೆ, ಸದ್ದು ಮಾತ್ರ ಬಡಕಲು. ಕೋನ್ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಅಂಥ ಅಲೆಗೆ 15 ಇಂಚಿನ ಅಂಚನ್ನು ಬಳಸಿ ಹಿಂದೆ ಹೋಗುವುದು ಯಾವ ದೊಡ್ಡ ಮಾತು? ಮುಂದಿನ ಹೆಚ್ಚಳ ಹಿಂದಿನ ಕೊರತೆಗೆ ಜಮೆಯಾಗಿ, ಕೊನೆಗೆ ಕೈಗೆ ಸಿಗುವುದು ಬಹುಪಾಲು ಸೊನ್ನೆ.

ಒಂದು ದಾರಿ, ಹಿಂದಿನ ಸದ್ದನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಹಾಕುವುದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ಬೇಸ್ ಆಂಪ್ಲಿಫೈಯರಿನ ಪೆಟ್ಟಿಗೆ ಇಂಥದ್ದು. 10 ಇಂಚಿನ ಎಂಟು ಸ್ಪೀಕರುಗಳ ಈ ಭಾರೀ ಪೆಟ್ಟಿಗೆಗೆ ಬೇಸ್ ವಾದಕರು ಇಟ್ಟ ಹೆಸರು 'ಫ್ರಿಜ್'. ಇನ್ನೊಂದು ದಾರಿ, ಹಿಂದಿನ ಸದ್ದನ್ನೂ ದುಡಿಸಿಕೊಳ್ಳುವುದು. ಪೆಟ್ಟಿಗೆಗೆ ಒಂದು ಕೊಳವೆ ಕೂರಿಸಿದರೆ ಅದು ಕಂಠವಿರುವ ಕೊಡವಾಗುತ್ತದೆ. ಒಳಗಿನ ಗಾಳಿ ಸ್ಪ್ರಿಂಗ್, ಕೊಳವೆಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕ. ಎರಡೂ ಸೇರಿ ಒಂದು ನಿಗದಿತ ಸ್ವರದಲ್ಲಿ ತೂಗಾಡುತ್ತವೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ಬಿಡಿಸಿಟ್ಟಿದ್ದರು.

ಲೆಕ್ಕ ಹಾಕೋಣ. ಪೆಟ್ಟಿಗೆಯ ಒಳ ಅಳತೆ 50, 50, 40 ಸೆಂಟಿಮೀಟರ್ ಇದ್ದರೆ 100 ಲೀಟರ್, ಅಂದರೆ ಐದಾರು ಕೊಡ ನೀರಿನ ಜಾಗ. ಅದನ್ನು 40 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 40 ಕಂಪನಕ್ಕೆ, ಶ್ರುತಿ ಮಾಡಲು 10 ಸೆಂಟಿಮೀಟರ್ ಒಳವ್ಯಾಸದ ಎರಡು ಪಿವಿಸಿ ಪೈಪ್ ಬೇಕು, ಒಂದೊಂದೂ ಸುಮಾರು 22 ಸೆಂಟಿಮೀಟರ್ ಉದ್ದ. ಒಂದೇ ಪೈಪಾದರೆ 7 ಸೆಂಟಿಮೀಟರ್ ಸಾಕು, ಆದರೆ ಜೋರಾಗಿ ನುಡಿಸಿದಾಗ ಇಕ್ಕಟ್ಟಿನಲ್ಲಿ ಗಾಳಿ ಬುಸುಗುಟ್ಟುತ್ತದೆ. ಸ್ಪೀಕರು, ಪೈಪು, ಒಳಗಿನ ಪಟ್ಟಿಗಳು ತಿನ್ನುವ ಜಾಗಕ್ಕೆಂದು ಪೆಟ್ಟಿಗೆಯನ್ನು ತುಸು ದೊಡ್ಡದು ಮಾಡಬೇಕು.

ಶ್ರುತಿಯ ಸ್ವರದಲ್ಲಿ ಒಂದು ಸೋಜಿಗ ನಡೆಯುತ್ತದೆ: ಕೋನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಸದ್ದೆಲ್ಲ ಕೊಳವೆಯದು. ಅದಕ್ಕಿಂತ ಕೆಳಗಿಳಿದರೆ ಸ್ಪ್ರಿಂಗಿನ ಹಿಡಿತ ತಪ್ಪಿ ಕೋನ್ ಲಂಗುಲಗಾಮಿಲ್ಲದೆ ಹೊಯ್ದಾಡುತ್ತದೆ. ಐದು ತಂತಿಯ ಬೇಸ್‌ನ 31 ಹರ್ಟ್ಸ್ ಸ್ವರ ಇಂಥ ಪೆಟ್ಟಿಗೆಗೆ ಗಂಡಾಂತರ.

ಯಾವ ಸ್ಪೀಕರಿಗೆ ಎಷ್ಟು ಲೀಟರ್ ಎನ್ನುವುದು ಬಹುಕಾಲ ಕಣ್ಣಂದಾಜಿನ ವಿಷಯವಾಗಿತ್ತು. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಅದಕ್ಕೊಂದು ಗಣಿತ ಕೊಟ್ಟರು. ಅಮೆರಿಕದ ಪತ್ರಿಕೆಯೊಂದು 1971ರಲ್ಲಿ ಅದನ್ನು ಮರುಮುದ್ರಿಸಿದ ಮೇಲೆ ಜಗತ್ತು ಕಿವಿಗೊಟ್ಟಿತು. ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಇವತ್ತು ಒಳ್ಳೆಯ ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಈ ಇಬ್ಬರ ಹೆಸರಿನ ಅಂಕಿಗಳಿರುತ್ತವೆ. ಅವುಗಳನ್ನು ಓದದೆ ಗರಗಸ ಎತ್ತಬಾರದು. ಗಣಿತ ಎಷ್ಟೇ ಬೆಳೆದರೂ ಹಾಫ್‌ಮನ್ ಎಂಬ ತಜ್ಞರ ಹೆಸರಿನ 'ಕಬ್ಬಿಣದ ನಿಯಮ' ಮಾತ್ರ ಸಡಿಲವಾಗಿಲ್ಲ: ಪುಟ್ಟ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವಿದ್ಯುತ್ತಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡನ್ನಷ್ಟೇ ಕೇಳಬಹುದು.

ಇನ್ನು ಬಡಗಿ ಕೆಲಸ. ವೀಣೆ ಮಾಡುವವರು ಹಲಸಿನ ಮರವನ್ನು ಕೊರೆದು ತೆಳುವಾಗಿಸುವುದು ಮರವೇ ನುಡಿಯಲಿ ಎಂದು. ಇಲ್ಲಿ ತದ್ವಿರುದ್ಧ, ಮರ ಬಾಯಿಬಿಡಲೇಬಾರದು. ಹಲಗೆ ಅದುರಿದರೆ ತನ್ನದೇ ರಾಗ ಸೇರಿಸಿ ಸ್ವರವನ್ನು ಕಲಸುತ್ತದೆ. ಹಾಗಾಗಿ 18 ಮಿಲಿಮೀಟರ್ ಪ್ಲೈವುಡ್, ಪ್ರತಿ ಸಂದಿಗೂ ಗೋಂದು ಮತ್ತು ಸ್ಕ್ರೂ, ಎದುರುಬದುರು ಹಲಗೆಗಳ ನಡುವೆ ಅಡ್ಡಪಟ್ಟಿ. ತೆಂಗಿನಕಾಯಿ ಆರಿಸುವಾಗಿನ ಹಾಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಬನ್ನಿ. ಡಬ್‌ಡಬ್ ಎಂದು ತಮಟೆಯಂತೆ ನುಡಿದ ಕಡೆ ಇನ್ನೊಂದು ಪಟ್ಟಿ, ಟಕ್ ಎಂದು ಸದ್ದು ಸತ್ತ ಕಡೆ ಕೆಲಸ ಮುಗಿಯಿತು.

ಕೊನೆಯ ಪರೀಕ್ಷೆಗೆ ಒಂದು ಊದಿನಕಡ್ಡಿ ಸಾಕು. ದಪ್ಪ ತಂತಿಯನ್ನು ಒಬ್ಬರು ಮೀಟುತ್ತಿರಲಿ, ನೀವು ಕಡ್ಡಿಯನ್ನು ಸಂದಿಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ನೆಟ್ಟಗೆ ಏರಿದರೆ ಸರಿ. ಎಲ್ಲಾದರೂ ನಡುಗಿದರೆ ಅಲ್ಲಿ ಗಾಳಿ ಸೋರುತ್ತಿದೆ, ಗೋಂದಿನ ಡಬ್ಬಿ ಮತ್ತೆ ತೆಗೆಯಿರಿ. ಸೋರುವ ಕೊಡದಲ್ಲಿ ನೀರೂ ನಿಲ್ಲದು, ಸ್ವರವೂ ನಿಲ್ಲದು.