ಮಾತು ಮೊದಲೋ, ಹಣ ಮೊದಲೋ?

ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ವೀಳ್ಯ ಬದಲಾಯಿಸುವುದಕ್ಕೆ ಮುಂಚೆ ಹಿರಿಯರು ಕುಳಿತು ಖರ್ಚುವೆಚ್ಚಗಳನ್ನೆಲ್ಲ ಮಾತನಾಡಿ ಮುಗಿಸುತ್ತಾರೆ. ವೀಳ್ಯ ಕೈಗೆ ಬಂದ ಮೇಲೆ ಚೌಕಾಸಿ ಶೋಭಿಸುವುದಿಲ್ಲ. ಆದರೆ ಕಾಲೇಜು ಸೇರುವ ವಿಷಯದಲ್ಲಿ ಬಡ ವಿದ್ಯಾರ್ಥಿಯು ಮೊದಲು ವೀಳ್ಯ ತೆಗೆದುಕೊಂಡು, ಆಮೇಲೆ ಲೆಕ್ಕ ಹಾಕುವಂತಾಗಿದೆ. ಇದನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಅನೇಕ ಕಾಲೇಜುಗಳಲ್ಲಿ ‘ಅರ್ಲಿ ಡಿಸಿಷನ್’ ಎಂಬ ಪದ್ಧತಿಯುಂಟು. ವಿದ್ಯಾರ್ಥಿಯು ಸಾಮಾನ್ಯವಾಗಿ ನವೆಂಬರಿನಲ್ಲಿ ಒಂದೇ ಕಾಲೇಜಿಗೆ ಈ ಬಗೆಯ ಅರ್ಜಿ ಹಾಕಿ, ಸೀಟು ಕೊಟ್ಟರೆ ಬಂದೇ ಬರುತ್ತೇನೆಂದು ಒಪ್ಪಂದಕ್ಕೆ ರುಜು ಮಾಡುತ್ತಾನೆ. ಡಿಸೆಂಬರಿನಲ್ಲಿ ಉತ್ತರ ಬರುತ್ತದೆ. ಸೀಟು ದೊರೆತರೆ ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಬೇಕು. ಹಣವುಳ್ಳವರಿಗೆ ಇದರಿಂದ ತೊಂದರೆಯಿಲ್ಲ. ನೆರವನ್ನೇ ನಂಬಿದವನಿಗಾದರೋ, ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತೆಂದು ಹೋಲಿಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ. ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ಅದೊಂದೇ ಬಾಗಿಲು. ಇಂಥ ಟೀಕೆಗಳ ನಡುವೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2006ರಲ್ಲಿ ಈ ಪದ್ಧತಿಯನ್ನು ಬಿಡುವುದಾಗಿ ಸಾರಿತು. 2011ರಲ್ಲಿ ಮುಂಚಿನ ಅರ್ಜಿಯನ್ನು ಮತ್ತೆ ತಂದಾಗ, ಸೇರಲೇಬೇಕೆಂಬ ಕಟ್ಟನ್ನು ಹಾಕಲಿಲ್ಲ.

ಅಮೆರಿಕದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಯಲಹಂಕ, ಹೆಬ್ಬಾಳ, ಯಶವಂತಪುರದ ಮನೆಗಳಲ್ಲಿಯೂ ಪ್ರತಿವರ್ಷ ಇಂಥದೇ ಸಂಕಟ ತಲೆದೋರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ಸೀಟು ಹಂಚಿದ ಮೇಲೆ ನಾಲ್ಕು ದಾರಿಗಳನ್ನು ತೋರಿಸುತ್ತದೆ. ಮೊದಲನೆಯದು, ಸೀಟನ್ನು ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಮುಂದಿನ ಸುತ್ತುಗಳಿಗೆ ಅವನು ಬರುವಂತಿಲ್ಲ. ಎರಡನೆಯದು, ಸೀಟನ್ನು ಹಿಡಿದುಕೊಂಡೇ ಮೇಲಿನ ಆಯ್ಕೆಗೆ ಕಾಯುವುದು. ಮೇಲಿನದು ಸಿಕ್ಕಿದರೆ ಹಿಂದಿನದು ತಾನಾಗಿ ರದ್ದಾಗುತ್ತದೆ. ಮೂರನೆಯದು, ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ತೀರ್ಮಾನಕ್ಕೆ ಸಿಕ್ಕುವುದು ಕೆಲವೇ ದಿನ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಾದರೋ ಕಾಲೇಜು ಸೇರಿದ ಮೇಲೆ. ಹಣ ಕೈಸೇರುವುದು ಅದಕ್ಕೂ ಆಮೇಲೆ. ಮಾತು ಮೊದಲು, ಹಣ ಅನಂತರ!

ಇದಕ್ಕೆ ಒಂದು ಅಪವಾದವಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಎಸ್.ಎನ್.ಕ್ಯೂ.’ ಎಂಬ ಹೆಚ್ಚುವರಿ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಶೇಕಡ 5ರವರೆಗೆ, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ, ಬೋಧನಾ ಶುಲ್ಕದ ಮಾಫಿಯೊಡನೆ ಇವು ದೊರೆಯುತ್ತವೆ. ಇಲ್ಲಿ ನೆರವು ಸೀಟಿನ ಜೊತೆಗೇ ಬರುತ್ತದೆ. ಆದರೆ ಎರಡು ಮಾತು ನೆನಪಿರಲಿ: ಮಾಫಿ ಬೋಧನಾ ಶುಲ್ಕಕ್ಕೆ ಮಾತ್ರ, ಉಳಿದ ಶುಲ್ಕಗಳಿಗಲ್ಲ, ಮತ್ತು ಒಮ್ಮೆ ಸೇರಿದವನು ಆ ಮೇಲೆ ಕಾಲೇಜನ್ನಾಗಲಿ ವಿಷಯವನ್ನಾಗಲಿ ಬದಲಾಯಿಸುವಂತಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಪಿ.ಯು.ಸಿ. ಮುಗಿದ ವರ್ಷ ಸೀಟು ಬಂದ ಸಂತೋಷದಲ್ಲಿ ಆ ರಾತ್ರಿಯೇ ಮೊದಲನೆಯ ಆಯ್ಕೆಯನ್ನು ಒತ್ತಿದೆ. ನಮ್ಮ ತಂದೆಯವರು ಯಶವಂತಪುರ ಯಾರ್ಡಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ದಿನವೆಲ್ಲ ಪರರ ಲೆಕ್ಕ ಬರೆಯುವ ಅವರನ್ನು, ನಮ್ಮ ಮನೆಯ ಲೆಕ್ಕವೇನೆಂದು ನಾನು ಕೇಳಲಿಲ್ಲ. ಸೇರಿದ ಮೇಲೆ ಇತರ ಶುಲ್ಕ, ಬಸ್ಸು, ಪುಸ್ತಕ ಎಂದು ಒಂದೊಂದೇ ಚೀಟಿ ಬಂತು. ಎರಡನೆಯ ತಿಂಗಳಿಗೆ ಬಿಟ್ಟುಬಂದೆ. ಮೂಲ ದಾಖಲೆಗಳು ಕೈಗೆ ಬರುವಷ್ಟರಲ್ಲಿ ಎಲ್ಲ ಕಡೆಯೂ ಪ್ರವೇಶ ಮುಗಿದು, ಒಂದು ವರ್ಷ ವ್ಯರ್ಥವಾಯಿತು. ಈಗ ಇಲ್ಲಿ ಇತಿಹಾಸ ಓದುತ್ತಿರುವುದಕ್ಕೆ ನನಗೆ ವಿಷಾದವಿಲ್ಲ. ಆ ವರ್ಷಕ್ಕಾಗಿ ಇದೆ.

ಕಳೆದ ವರ್ಷ ತಮ್ಮನಿಗೆ ಎಸ್.ಎನ್.ಕ್ಯೂ. ಸೀಟು ಬಂತು. ಅವನೂ ಆತುರಪಟ್ಟ. “ಮಾಫಿ ಹೋಗಿ ಉಳಿದದ್ದು ಎಷ್ಟಪ್ಪಾ?” ಎಂದರು ತಂದೆಯವರು. ಮರುದಿನ ನಾವಿಬ್ಬರೂ ಆ ಕಾಲೇಜಿನ ಕಚೇರಿಗೆ ಹೋಗಿ, ನಾಲ್ಕು ವರ್ಷದ ಒಂದೊಂದು ಬಾಬನ್ನೂ ಕೇಳಿ ಬರೆದುಕೊಂಡೆವು. ರಾತ್ರಿ ತಂದೆಯವರು ಕನ್ನಡಕ ಹಾಕಿಕೊಂಡು, ಮಂಡಿಯ ಲೆಕ್ಕದಂತೆಯೇ ಕೂಡಿ ಕಳೆದು, “ಆಗುತ್ತೆ, ಒತ್ತು” ಎಂದರು. ತಮ್ಮ ಒತ್ತಿದ.

ಮಿತ್ರರೇ, ನಮ್ಮ ಮನೆಗಳಲ್ಲಿ ತಮ್ಮತಂಗಿಯರು ಸಲಹೆ ಕೇಳುವುದು ಕಾಲೇಜು ಕಂಡಿರುವ ನಮ್ಮನ್ನೇ. ಆಯಾ ವರ್ಷದ ಪ್ರಾಧಿಕಾರದ ಪ್ರಕಟಣೆಯನ್ನು ಅವರೊಡನೆ ಕುಳಿತು ಓದೋಣ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡೋಣ. ಬಂದೇ ಬರುತ್ತದೆಂದು ಗೊತ್ತಿರುವ ಹಣವನ್ನೂ ಬರಬಹುದಾದ ಹಣವನ್ನೂ ಬೇರೆ ಬೇರೆ ಬರೆಯೋಣ. ಮೊದಲನೆಯದರಲ್ಲಿ ವರ್ಷ ಸಾಗುವುದಾದರೆ ಮಾತು ಕೊಡಬಹುದು. ಎಷ್ಟು ಖರ್ಚಾಗುತ್ತದೆಂದು ಕೇಳುವುದು ಅವಮಾನವಲ್ಲ.